ಕದ್ರಿಯವರು ಜಾಝ್ ಊದ್ತಿದ್ರಾ?

ಪ್ರಶ್ನೆ: ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರು ಜಾಝ್ ಊದ್ತಿದ್ರು ಅಂತ ನನ್ನ ಭಾವ, ಅಲ್ಲ ಅಂತ ನಾನು. ಯಾರು ಸರಿ? ಮತ್ತೆ ಒಂಬತ್ತು ವರ್ಷದ ಮಗ ಸ್ಯಾಕ್ಸೊಫೋನ್ ಬೇಕು ಅಂತ ಹಟ ಹಿಡಿದಿದ್ದಾನೆ, ಈಗ್ಲೇ ಕ್ಲಾಸಿಗೆ ಸೇರಿಸ್ಬಹುದಾ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನೀವೇ ಗೆದ್ರಿ, ಆದ್ರೆ ಭಾವನನ್ನ ಪೂರ್ತಿ ಸೋಲಿಸುವ ಹಾಗೂ ಇಲ್ಲ ಮಾರಾಯ್ರೆ. ಕದ್ರಿಯವರು ಬಂಟ್ವಾಳದ ಸಜಿಪದ ಹುಡುಗ, ಅಪ್ಪ ನಾಗಸ್ವರ ಊದುವವ್ರು, ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೊಫೋನ್ ಕಂಡದ್ದೇ ಮನಸ್ಸು ಅಲ್ಲೇ ನಿಂತುಬಿಡ್ತು, ಮಂಗಳೂರಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಲ್ಲಿ ಟಿ.ವಿ. ಗೋಪಾಲಕೃಷ್ಣನ್, ಇವರ ಹತ್ರ ಕಲಿತದ್ದೆಲ್ಲ ಕರ್ನಾಟಕ ಸಂಗೀತವೇ. ಭಾವನ ಪರವಾಗಿ ಹೇಳುದಾದ್ರೆ, 1980ರಲ್ಲಿ ಬಾಂಬೆಯ ಜಾಝ್ ಯಾತ್ರಾ ಉತ್ಸವದಲ್ಲಿ ಇವರು ಊದಿದ್ದು ಕೇಳಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಸ್ಟೇಜಿಗೆ ಬಂದು ಸೇರಿಕೊಂಡ್ರು, 2008ರಲ್ಲಿ ಅಲ್ಲಿನದ್ದೇ ಇನ್ನೊಬ್ಬ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ಆಲ್ಬಮ್ಮೂ ಬಂತು.

ಆದ್ರೆ ಜಾಝ್‌ನವ್ರು ಕೆಳಗೆ ಬದಲಾಗ್ತಾ ಹೋಗುವ ಕಾರ್ಡ್‌ಗಳನ್ನ (ಒಟ್ಟಿಗೇ ನುಡಿಯುವ ಸ್ವರಗಳ ಗುಂಪು) ಹಿಡ್ಕೊಂಡು ಕಲ್ಪನೆ ಬೆಳೆಸ್ತಾರೆ, ಇವ್ರದ್ದು ಒಂದೇ ಶ್ರುತಿ, ಒಂದು ರಾಗ. ಕಷ್ಟ ಎಲ್ಲಿ ಅಂದ್ರೆ ಸ್ಯಾಕ್ಸೊಫೋನಿನ ಕೀಗಳು ಪಿಯಾನೊ ಹಾಗೆ ಒಂದೊಂದು ಸ್ವರವನ್ನೂ ಬೇರೆಬೇರೆ ಕೊಡ್ತವೆ, ತೋಡಿ ರಾಗದ ಗಾಂಧಾರ ಸ್ವರ ಅಲ್ಲಾಡ್ಬೇಕಲ್ಲ, ಅದಕ್ಕೆ ವಾದ್ಯವನ್ನೇ ಸ್ವಲ್ಪ ತಿದ್ದಿಸಿ, ತುಟಿ, ಉಸಿರು, ಬೆರಳು ಮೂರನ್ನೂ ಪಳಗಿಸಿ ಗಮಕ, ಅಂದ್ರೆ ಸ್ವರದ ಆ ಅಲುಗಾಟ, ತೆಗೆದ್ರು. ಜಾಝ್‌ನವ್ರೂ ಸ್ವರ ಬಗ್ಗಿಸ್ಲಿಕ್ಕೆ ತುಟಿಯನ್ನೇ ಬಳಸುದು, ಅಲ್ಲಿ ಮಾತ್ರ ನಿಮ್ಮ ಭಾವನಿಗೆ ಅರ್ಧ ಮಾರ್ಕ್ ಕೊಡ್ಬಹುದು. (ನಮ್ಮೂರ ಮದುವೆ ದಿಬ್ಬಣದಲ್ಲಿ, ದೇವಸ್ಥಾನದ ಉತ್ಸವದಲ್ಲಿ ಈಗ ಇದೇ ವಾದ್ಯ ಕೇಳ್ತದಲ್ಲ, ಬೆಲ್ಜಿಯಂನವನೊಬ್ಬ 1846ರಲ್ಲಿ ಪ್ಯಾರಿಸಲ್ಲಿ ಪೇಟೆಂಟ್ ಮಾಡಿಸಿದ್ದು ಅಂದ್ರೆ ಯಾರೂ ನಂಬ್ಲಿಕ್ಕಿಲ್ಲ!)

ಮಗನ ವಿಷಯ: ಹಾಲುಹಲ್ಲು ಬಿದ್ದು ಮುಂದಿನ ಹಲ್ಲು ಗಟ್ಟಿಯಾಗಿ ಬಂದಿದ್ರೆ ಸೇರಿಸಿ, ಇಲ್ಲದಿದ್ರೆ ಒಂದು ವರ್ಷ ಹಾಡುಗಾರಿಕೆ ಕಲೀಲಿ, ನಷ್ಟ ಎಂತದೂ ಇಲ್ಲ. ಆಲ್ಟೊ ಸ್ಯಾಕ್ಸೊಫೋನ್ ಸುಮಾರು ಎರಡೂವರೆ ಕೆಜಿ ಉಂಟು, ಕುತ್ತಿಗೆಗೆ ಮಾತ್ರ ನೇತುಹಾಕ್ಬೇಡಿ, ಭುಜಕ್ಕೆ ಬೀಳುವ ಬೆಲ್ಟ್ ತಗೊಳ್ಳಿ. ರೀಡ್ (ಬಾಯಲ್ಲಿಡುವ ತುದಿಯ ತೆಳು ಪಟ್ಟಿ) ಒಂದೂವರೆ ಅಥವಾ ಎರಡು ನಂಬರಿದ್ದು ಸಾಕು, ಗಟ್ಟಿ ರೀಡ್ ಕೊಟ್ರೆ ಊದಲಾಗದೆ ಬಿಟ್ಟೇಬಿಡ್ತಾನೆ. ಕರ್ನಾಟಕ ಸಂಗೀತವೋ ಜಾಝೋ ಅಂತ ಮೊದ್ಲೇ ಮೇಷ್ಟ್ರಿಗೆ ಹೇಳಿ, ಪಾಠದ ದಾರಿಯೇ ಬೇರೆ. ಊದಿ ಆದ್ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ರೀಡ್ ಬಿಚ್ಚಿ ಒಣಗಿಸ್ಲಿಕ್ಕೆ ಈಗ್ಲೇ ಅಭ್ಯಾಸ ಮಾಡಿಸಿ, ನಮ್ಮ ಮಳೆಗಾಲದಲ್ಲಿ ಹಾಗೇ ಬಿಟ್ರೆ ಬೂಷ್ಟು ಹಿಡೀತದೆ.