ಫೋಟೊದ ಗೆರೆ ಬೇರೆ, ಹಿತ್ತಾಳೆಯ ಗೆರೆ ಬೇರೆ: ಬಕಲ್ ವಿನ್ಯಾಸದ ಬಗ್ಗೆ ಓದುಗರ ಪ್ರಶ್ನೆಗಳು

ಕಂಪ್ಯೂಟರಿನಲ್ಲಿ ಗೆರೆ ಬರೆದು, ಲೇಸರ್‌ನಲ್ಲಿ ಹಿತ್ತಾಳೆ ತಗಡು ಕತ್ತರಿಸಿ, ಬೆಲ್ಟಿಗೆ ತಮ್ಮದೇ ವಿನ್ಯಾಸದ ಬಕಲ್ ಮಾಡಿಸಿಕೊಳ್ಳುವ ಬಗ್ಗೆ ಮಂಡ್ಯ, ಮೈಸೂರು ಕಡೆಯಿಂದ ಬಂದಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹಳ್ಳಿಕಾರ್ ಎತ್ತಿನ ಮುಖ ಇರುವ ಹಿತ್ತಾಳೆ ಬಕಲ್ ಮಾಡಿಸಬೇಕು ಅಂತ ಆಸೆ. ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಆಟೊಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶಕ್ಕೆ ಹಾಕಿದ್ದೇನೆ. ಅದರ ಮೇಲೆ ಗೆರೆ ಎಳೆದರೆ ಸರಿಯಾಗಿ ಕಾಣುವುದಿಲ್ಲ, ಅಳತೆಯೂ ಎಲ್ಲೆಲ್ಲೋ ಹೋಗುತ್ತದೆ. ಬೆಲ್ಟು 38 ಮಿ.ಮೀ. ಅಗಲದ್ದು. ಮೊದಲಿನಿಂದ ತಿಳಿಸಿಕೊಡಿ.
— ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ಮೊದಲು ಫೋಟೊ ಸರಿ ಇದೆಯೇ ನೋಡಿಕೊಳ್ಳಿ. ಎತ್ತಿನ ಮೂತಿಗೆ ಮೊಬೈಲ್ ಹಿಡಿದು ಹತ್ತಿರದಿಂದ ತೆಗೆದಿದ್ದರೆ ಮೂಗು ದಪ್ಪಗಾಗಿ ಕೊಂಬು ಕುಗ್ಗಿರುತ್ತದೆ. ಮೂರು ನಾಲ್ಕು ಮೀಟರ್ ದೂರ ನಿಂತು, ಜೂಮ್ ಹಾಕಿ, ಪಕ್ಕದಿಂದ ಇನ್ನೊಂದು ತೆಗೆಯಿರಿ. ಹಳ್ಳಿಕಾರ್ ಕೊಂಬು ನೆತ್ತಿಯಿಂದ ಹಿಂದಕ್ಕೆ ಬಾಗಿ ಹೋಗಿ, ತುದಿಯಲ್ಲಿ ಮತ್ತೆ ಮೇಲಕ್ಕೂ ಮುಂದಕ್ಕೂ ತಿರುಗುತ್ತದೆ. ಎದುರಿನಿಂದ ನೋಡಿದರೆ ಈ ಬಾಗು ಕಾಣುವುದಿಲ್ಲ, ಆಕಾರವೂ ಉದ್ದುದ್ದಕ್ಕೆ ನಿಲ್ಲುತ್ತದೆ. ಬಕಲ್ ಅಡ್ಡಡ್ಡ ಇರುವ ವಸ್ತು. ಮೂತಿಯಿಂದ ಕೊಂಬಿನ ತುದಿಯವರೆಗೆ ಅಡ್ಡಕ್ಕೆ ಹರಡುವ ಪಕ್ಕದ ನೋಟವೇ ಇದಕ್ಕೆ ಒಪ್ಪುತ್ತದೆ.

ಇನ್ನು ಆಟೊಕ್ಯಾಡ್. ಯೂನಿಟ್ಸ್ ಕಮಾಂಡ್ ಕೊಟ್ಟು ಮಿಲಿಮೀಟರ್ ಆರಿಸಿ. ಫೋಟೊಗೆ ಒಂದು, ಹೊರ ಅಂಚಿಗೆ ಒಂದು, ಒಳ ಕಟಿಂಗ್‌ಗೆ ಒಂದು, ಕೆತ್ತನೆಗೆ ಒಂದು ಎಂದು ಬೇರೆ ಬೇರೆ ಬಣ್ಣದ ನಾಲ್ಕು ಲೇಯರ್ (ಪದರ) ಮಾಡಿ. ಹೊರ ಅಂಚಿನ ಲೇಯರ್‌ನಲ್ಲಿ 85 ಮಿ.ಮೀ. ಉದ್ದ, 60 ಮಿ.ಮೀ. ಎತ್ತರದ ಎಲಿಪ್ಸ್ (ಅಂಡಾಕಾರ) ಬರೆಯಿರಿ. 38 ಮಿ.ಮೀ. ಬೆಲ್ಟಿಗೆ ಈ ಗಾತ್ರ ಹೊಂದುತ್ತದೆ. ಫೋಟೊ ತರುವ ಮೊದಲೇ ಈ ಚೌಕಟ್ಟು ಇರಲಿ, ಅಳತೆ ದಾರಿ ತಪ್ಪುವುದಿಲ್ಲ.

ಇಮೇಜ್‌ಅಟ್ಯಾಚ್ ಕಮಾಂಡಿನಿಂದ ಫೋಟೊ ತನ್ನಿ. ಆಗ ಬರುವ ಗಾತ್ರಕ್ಕೆ ಏನೂ ಅರ್ಥವಿಲ್ಲ, ಅದನ್ನು ಹಾಗೇ ಬಿಟ್ಟು ಗೆರೆ ಎಳೆದಿದ್ದರಿಂದಲೇ ನಿಮ್ಮ ಅಳತೆ ಕೆಟ್ಟಿದೆ. ಸ್ಕೇಲ್ ಕಮಾಂಡ್ ಕೊಟ್ಟು ಫೋಟೊ ಆರಿಸಿ, ಮೂತಿಯ ತುದಿಯನ್ನು ಬೇಸ್ ಪಾಯಿಂಟ್ ಮಾಡಿ, ಆರ್ ಒತ್ತಿ ರೆಫರೆನ್ಸ್‌ಗೆ ಹೋಗಿ. ಮೂತಿಯ ತುದಿ, ಕೊಂಬಿನ ತುದಿ ಎರಡನ್ನೂ ಕ್ಲಿಕ್ ಮಾಡಿ 70 ಎಂದು ಕೊಡಿ. ಈಗ ಎತ್ತಿನ ತಲೆ 70 ಮಿ.ಮೀ. ಉದ್ದಕ್ಕೆ ಬಂದು ಚೌಕಟ್ಟಿನೊಳಗೆ ಕೂರುತ್ತದೆ.

ಗೆರೆ ಕಾಣದಿರುವುದಕ್ಕೆ ಎರಡು ಕಾರಣ. ಫೋಟೊ ಮೇಲಿರಬಹುದು: ಡ್ರಾಆರ್ಡರ್ ಕೊಟ್ಟು ಹಿಂದಕ್ಕೆ ತಳ್ಳಿ. ಬಣ್ಣ ಗಾಢವಿರಬಹುದು: ಇಮೇಜ್‌ಅಡ್ಜಸ್ಟ್‌ನಲ್ಲಿ ಫೇಡ್ ಅನ್ನು 50–60ರಷ್ಟಕ್ಕೆ ಏರಿಸಿ. ಆಮೇಲೆ ಫೋಟೊದ ಲೇಯರ್‌ಗೆ ಬೀಗ ಹಾಕಿ. ಇಲ್ಲದಿದ್ದರೆ ಗೆರೆ ಹಿಡಿಯಲು ಹೋದಾಗ ಫೋಟೊ ಜರುಗಿ, ಅರ್ಧ ಎತ್ತು ಒಂದು ಕಡೆ, ಇನ್ನರ್ಧ ಮತ್ತೊಂದು ಕಡೆ ಆಗುತ್ತದೆ. ಆಟೊಕ್ಯಾಡ್ ಇಲ್ಲದವರು ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್ ಬಳಸಬಹುದು. ಫೋಟೊವನ್ನು ಮೊದಲೇ ಗಿಂಪ್ ಎಂಬ ಫೋಟೊ ತಂತ್ರಾಂಶದಲ್ಲಿ ಬಣ್ಣ ತೆಳು ಮಾಡಿಕೊಂಡರೆ ಯಾವ ತಂತ್ರಾಂಶವಾದರೂ ಸರಿ.

ಗೆರೆ ಎಳೆಯುವಾಗ ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ ಆಫ್ ಮಾಡಿ, ಅದು ಗೆರೆಯನ್ನು ಹಿಂದಿನ ಬಿಂದುಗಳಿಗೆ ಎಳೆದು ಕೆಡಿಸುತ್ತದೆ. ಬಾಗು ಗೆರೆ ಬರೆಯುವ ಸ್ಪ್ಲೈನ್ ಕಮಾಂಡ್ ತೆಗೆದುಕೊಂಡು, ಬಾಗು ದಿಕ್ಕು ಬದಲಿಸುವ ಕಡೆ ಮಾತ್ರ ಬಿಂದು ಇಡಿ. ಕೊಂಬಿನ ಮೇಲಂಚಿಗೆ ನಾಲ್ಕೈದು ಬಿಂದು ಸಾಕು, ಉಳಿದಿದ್ದನ್ನು ನೀಲಿ ಗ್ರಿಪ್ ಹಿಡಿದು ಎಳೆದು ಸರಿ ಮಾಡಿ. ಹೆಚ್ಚು ಬಿಂದು ಇಟ್ಟರೆ ಹೆಚ್ಚು ನಿಖರ ಎಂದು ಹೊಸಬರೆಲ್ಲ ನಂಬುತ್ತಾರೆ. ಆಗುವುದು ಉಲ್ಟಾ: ಕೈ ನಡುಗಿದ್ದೆಲ್ಲ ಗೆರೆಯಲ್ಲಿ ಅಲೆಯಾಗಿ ಉಳಿಯುತ್ತದೆ, ಹಿತ್ತಾಳೆಗೆ ಪಾಲಿಶ್ ಹೊಡೆದಾಗ ಪ್ರತಿ ಅಲೆಯೂ ಬೆಳಕಿಗೆ ಮಿಂಚಿ ಎದ್ದು ಕಾಣುತ್ತದೆ. ಕೊಂಬಿನ ತುದಿಯಂಥ ಚೂಪು ಜಾಗದಲ್ಲಿ ಒಂದು ಸ್ಪ್ಲೈನ್ ಮುಗಿಸಿ ಇನ್ನೊಂದು ಶುರು ಮಾಡಿ. ಒಂದೇ ಸ್ಪ್ಲೈನನ್ನು ಮೂಲೆ ಸುತ್ತಿಸಿದರೆ ಅಲ್ಲಿ ಗುಬುಟು ಏಳುತ್ತದೆ. ಆಮೇಲೆ ತುದಿಗೆ ಕನಿಷ್ಠ 1 ಮಿ.ಮೀ. ತ್ರಿಜ್ಯದ ಗುಂಡು ಕೊಡಿ. ಕೊಂಬು ಚೌಕಟ್ಟಿನಿಂದ ಹೊರಗೆ ಚಾಚುವ ವಿನ್ಯಾಸವಾದರೆ ಇದನ್ನು ಮರೆಯಲೇಬಾರದು: ಕುಕ್ಕರುಗಾಲಲ್ಲಿ ಕೂತಾಗ ಅದು ಸೀದಾ ಹೊಟ್ಟೆಗೆ ಚುಚ್ಚುತ್ತದೆ.

ಕಂಡದ್ದನ್ನೆಲ್ಲ ಬರೆಯಬೇಡಿ. 3 ಮಿ.ಮೀ. ತಗಡಿನಲ್ಲಿ ಕತ್ತರಿಸುವ ಸಂದು 3 ಮಿ.ಮೀ.ಗಿಂತ ಕಿರಿದಾಗಿರಬಾರದು ಎಂದು ಇಟ್ಟುಕೊಂಡರೆ ತೊಂದರೆಯಿಲ್ಲ. ಕಿವಿಗೂ ಕೊಂಬಿಗೂ ನಡುವೆ ಅಷ್ಟು ಜಾಗವಿಲ್ಲವೇ? ಮುಚ್ಚಿಬಿಡಿ, ಅಲ್ಲೊಂದು ಕೆತ್ತನೆಯ ಗೆರೆ ಸಾಕು. ಕೆತ್ತನೆಯ ಗೆರೆಯೂ 0.3 ಮಿ.ಮೀ.ಗಿಂತ ಸಣ್ಣದಾದರೆ ಬಫಿಂಗ್‌ನಲ್ಲೇ ಅಳಿಸಿಹೋಗುತ್ತದೆ. ರೆಪ್ಪೆಕೂದಲು, ಗಂಗೆದೊಗಲಿನ ನೆರಿಗೆ ಬಿಡಿ. ಕಣ್ಣು, ಮೂಗಿನ ಹೊಳ್ಳೆ, ದವಡೆಯ ಗೆರೆ, ಕೊಂಬಿನ ಬುಡ ಇಷ್ಟು ಇದ್ದರೆ ಅದು ಹಳ್ಳಿಕಾರ್ ಎಂದು ನೋಡಿದವರಿಗೆ ಗೊತ್ತಾಗುತ್ತದೆ.

ಕೊನೆಗೆ 1:1 ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ‘ಫಿಟ್ ಟು ಪೇಪರ್’ ಆಯ್ಕೆ ತೆಗೆದಿರಬೇಕು. ಕತ್ತರಿಸಿ ರಟ್ಟಿಗೆ ಅಂಟಿಸಿ, ಬೆಲ್ಟಿನ ಮೇಲಿಟ್ಟು ಎರಡು ಮೀಟರ್ ದೂರದಿಂದ ನೋಡಿ. ಪರದೆಯ ಮೇಲೆ ಚೆನ್ನಾಗಿದ್ದ ಎಷ್ಟೋ ಗೆರೆ ಇಲ್ಲಿ ಬೇಡ ಅನ್ನಿಸುತ್ತದೆ. ತೂಕವನ್ನೂ ಈಗಲೇ ಲೆಕ್ಕ ಹಾಕಬಹುದು. 85×60ರ ಎಲಿಪ್ಸಿನ ವಿಸ್ತೀರ್ಣ ಸುಮಾರು 40 ಚದರ ಸೆಂ.ಮೀ. 3 ಮಿ.ಮೀ. ದಪ್ಪಕ್ಕೆ 12 ಘನ ಸೆಂ.ಮೀ. ಹಿತ್ತಾಳೆಯ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 8.5 ಗ್ರಾಂ, ಹಾಗಾಗಿ ನೂರು ಗ್ರಾಂ ಚಿಲ್ಲರೆ. ಭಾರ ಅನ್ನಿಸಿದರೆ ದಪ್ಪವನ್ನು 2.5ಕ್ಕೆ ಇಳಿಸಿ.

ಪ್ರಶ್ನೆ: ಇಷ್ಟೆಲ್ಲ ಕೈಯಲ್ಲಿ ಯಾಕೆ ಬರೆಯಬೇಕು? ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಒತ್ತಿದರೆ ತಾನೇ ಗೆರೆ ಬರುತ್ತದಲ್ಲ?
— ಓದುಗರು, ಮದ್ದೂರು

ಉತ್ತರ: ಬರುತ್ತದೆ. ಅಚ್ಚ ಕಪ್ಪು ಬಿಳುಪಿನ ಲೋಗೊ ಆದರೆ ಅದನ್ನೇ ಮಾಡಿ. ಆದರೆ ಅದು ಹುಡುಕುವುದು ಕಪ್ಪು ಎಲ್ಲಿ ಮುಗಿದು ಬಿಳುಪು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಾತ್ರ. ಎತ್ತಿನ ಕುತ್ತಿಗೆಯ ನೆರಳೂ ಅದಕ್ಕೆ ಅಂಚೇ. ಪೆನ್ನಿನಲ್ಲಿ ಬರೆದ ಒಂದು ಗೆರೆ ಕೊಟ್ಟರೆ, ಗೆರೆಯ ಆಚೆಗೊಂದು ಈಚೆಗೊಂದು ಎರಡು ಗೆರೆ ಕೊಡುತ್ತದೆ. ಲೇಸರ್ ಆ ಎರಡನ್ನೂ ಕತ್ತರಿಸುತ್ತದೆ.

ಮಾಡುವುದೇ ಆದರೆ ಗಿಂಪ್‌ನ ಥ್ರೆಶೋಲ್ಡ್‌ನಲ್ಲಿ ಫೋಟೊವನ್ನು ಎರಡೇ ಬಣ್ಣಕ್ಕೆ ಇಳಿಸಿ, ಚುಕ್ಕೆಗಳನ್ನು ಬ್ರಶ್‌ನಿಂದ ಅಳಿಸಿ, ಆಮೇಲೆ ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಿ. ಕಂಟ್ರೋಲ್ ಎಲ್ ಒಂದೆರಡು ಸಲ ಒತ್ತಿದರೆ ಬಿಂದುಗಳು ಕಡಿಮೆಯಾಗುತ್ತವೆ. ಮೂರನೇ ಸಲಕ್ಕೆ ಚೂಪು ಮೂಲೆಗಳು ಕರಗತೊಡಗುತ್ತವೆ, ಕಣ್ಣಿಟ್ಟಿರಿ.

ಪ್ರಶ್ನೆ: ಗಂಡಭೇರುಂಡದ ಬಕಲ್ ಮಾಡಿ ಮಾರಬಹುದೇ? ಫೋಟೊ ಇಟ್ಟು ಬರೆದರೆ ಎಡ ಬಲ ಒಂದೇ ಸಮ ಬರುತ್ತಿಲ್ಲ.
— ಓದುಗರು, ಮೈಸೂರು

ಉತ್ತರ: ರಾಜ್ಯ ಸರ್ಕಾರದ ಲಾಂಛನವನ್ನು, ಅಂದರೆ ಗುರಾಣಿಯೊಳಗಿನ ಗಂಡಭೇರುಂಡ, ಮೇಲೆ ಸಿಂಹಸ್ತಂಭ ಇರುವ ಆ ಪೂರ್ತಿ ಚಿತ್ರವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಅದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯ್ದೆ ಅಡ್ಡ ಬರುತ್ತದೆ. ಗಂಡಭೇರುಂಡ ಎಂಬ ಕಲ್ಪನೆ ಮಾತ್ರ ಸರ್ಕಾರಕ್ಕಿಂತ ಎಷ್ಟೋ ಹಳೆಯದು. ಕೆಳದಿಯ ರಾಮೇಶ್ವರ ದೇವಾಲಯದ ಒಳಛಾವಣಿಯಲ್ಲಿ ಅದರ ಸೊಗಸಾದ ಕೆತ್ತನೆಯಿದೆ. ಅಂಥ ಶಿಲ್ಪ ನೋಡಿ ನಿಮ್ಮದೇ ರೇಖೆಯಲ್ಲಿ ಬರೆದುಕೊಳ್ಳಿ.

ಎರಡೂ ಬದಿ ಬರೆಯಲು ಹೋಗಬೇಡಿ. ಫೋಟೊದಲ್ಲಿ ಚೆನ್ನಾಗಿರುವ ಅರ್ಧ ಆರಿಸಿ, ನಡುವೆ ನೆಟ್ಟಗೆ ಒಂದು ಗೆರೆ ಹಾಕಿ, ಒಂದು ಬದಿ ಬರೆದು ಮಿರರ್ ಕಮಾಂಡಿನಿಂದ ಇನ್ನೊಂದು ಬದಿಗೆ ಪ್ರತಿಬಿಂಬ ತೆಗೆಯಿರಿ. ಒಂದು ಸೂಕ್ಷ್ಮ ಇದೆ. ಬಾಲದ ಬುಡದಂಥ ಕಡೆ ಬಾಗು ಗೆರೆ ನಡುಗೆರೆಯನ್ನು ಮುಟ್ಟುವಾಗ ಲಂಬಕೋನದಲ್ಲಿ ಮುಟ್ಟಬೇಕು. ಓರೆಯಾಗಿ ಮುಟ್ಟಿದರೆ ಮಿರರ್ ಆದ ಮೇಲೆ ಅಲ್ಲೊಂದು ಮುರುಕು ಕಾಣುತ್ತದೆ.

ಪ್ರಶ್ನೆ: ಬಕಲ್‌ನಲ್ಲಿ ‘ಮಂಡ್ಯ’ ಎಂದು ಆರುಪಾರು ಕತ್ತರಿಸಿದ ಅಕ್ಷರ ಬೇಕು. ಲೇಸರ್‌ನವರು ಆಗುವುದಿಲ್ಲ ಎನ್ನುತ್ತಾರೆ. ಯಾಕೆ?
— ಓದುಗರು, ಮಂಡ್ಯ

ಉತ್ತರ: ಅವರು ಹೇಳಿದ್ದು ಸರಿ. ಸೊನ್ನೆಯನ್ನು ಉಂಗುರದಂತೆ ಕತ್ತರಿಸಿದರೆ ಅದರ ನಡುವಿನ ಬಿಲ್ಲೆಗೆ ಹಿಡಿತವೇ ಇಲ್ಲ, ಉದುರಿಬಿಡುತ್ತದೆ. ಉಳಿಯುವುದು ಒಂದು ತೂತು. ‘ಮ’ದ ಹೊಟ್ಟೆಯೂ ಅಷ್ಟೆ, ‘ಮೈಸೂರು’ ಎಂದು ಬರೆಸಿದರೆ ‘ರ’ದ ಹೊಟ್ಟೆಯೂ ಅಷ್ಟೆ. ಉಲ್ಟಾ ಮಾಡಿ ಅಕ್ಷರ ಉಳಿಸಿ ಸುತ್ತಲೂ ತೆಗೆದರೆ ಸೊನ್ನೆಯೂ ಕೆಳಗಿನ ಯ-ಒತ್ತೂ ಬಿಡಿಯಾಗಿ ಬೀಳುತ್ತವೆ. ದಾರಿ ಎರಡು. ಒಳಗಿನ ಬಿಲ್ಲೆಯನ್ನು ಹೊರಗಿನ ತಗಡಿಗೆ ಸೇರಿಸುವ 1.5ರಿಂದ 2 ಮಿ.ಮೀ. ಅಗಲದ ಬ್ರಿಡ್ಜ್ ಎರಡು ಕಡೆ ಬಿಡುವುದು ಒಂದು. ಆಗ ಗೆರೆಯ ದಪ್ಪವೇ 3 ಮಿ.ಮೀ. ಬೇಕಾಗುವುದರಿಂದ ಮೂರು ಅಕ್ಷರಕ್ಕೆ ಇಡೀ ಬಕಲ್ ಮುಗಿಯುತ್ತದೆ. ಇನ್ನೊಂದು, 0.2–0.3 ಮಿ.ಮೀ. ಆಳಕ್ಕೆ ಲೇಸರ್‌ನಲ್ಲಿ ಕೆತ್ತಿಸಿ ಕಪ್ಪು ಎನಾಮಲ್ ತುಂಬಿಸುವುದು. ನಮ್ಮ ಮತ ಇದಕ್ಕೇ: ಕನ್ನಡದ ದುಂಡು ಅಕ್ಷರದ ಅಂದ ಬ್ರಿಡ್ಜ್ ಬಿಟ್ಟಾಗ ಹಾಳಾಗುತ್ತದೆ.

ಅಕ್ಷರವನ್ನು ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟಿನಿಂದ ಬರೆದು ‘ಆಬ್ಜೆಕ್ಟ್ ಟು ಪಾತ್’ ಮಾಡಿ (ಅಂದರೆ ಬರೀ ಗೆರೆಯಾಗಿಸಿ) ಡಿಎಕ್ಸ್‌ಎಫ್ ಫೈಲ್ ಆಗಿ ಕಳಿಸಿ. ಅಕ್ಷರವಾಗಿಯೇ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒತ್ತು ಒಂದು ಕಡೆ, ಗುಣಿತ ಒಂದು ಕಡೆ ಆಗುತ್ತದೆ.

ಪ್ರಶ್ನೆ: ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇಸರ್ ಅಂಗಡಿಗೆ ಫೈಲ್ ಕೊಟ್ಟೆ. ‘ಲೈನ್ ಓಪನ್ ಇದೆ, ಡಬಲ್ ಲೈನ್ ಇದೆ’ ಎಂದು ವಾಪಸ್ ಕಳಿಸಿದರು. ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.
— ಓದುಗರು, ಮೈಸೂರು

ಉತ್ತರ: 0.02 ಮಿ.ಮೀ. ಸಂದು ಕಣ್ಣಿಗೆ ಕಾಣುವುದಿಲ್ಲ, ಮಷೀನಿಗೆ ಕಾಣುತ್ತದೆ. ಮೊದಲು ಆಟೊಕ್ಯಾಡ್‌ನಲ್ಲಿ ಓವರ್‌ಕಿಲ್ ಕಮಾಂಡ್ ಕೊಟ್ಟು ಒಂದರ ಮೇಲೊಂದು ಬಿದ್ದಿರುವ ಗೆರೆಗಳನ್ನು ಅಳಿಸಿ. ಅವು ಉಳಿದರೆ ಲೇಸರ್ ಅದೇ ಜಾಗದಲ್ಲಿ ಎರಡು ಸಲ ಓಡಿ ಅಂಚು ಕರಗುತ್ತದೆ. ಆಮೇಲೆ ಗೆರೆಗಳ ತುದಿ ಸೇರಿಸಲು ಪಿಎಡಿಟ್ ಕಮಾಂಡ್ ಕೊಟ್ಟು ಮಲ್ಟಿಪಲ್, ಜಾಯಿನ್ ಆರಿಸಿ. ಫಜ್ ದೂರ, ಅಂದರೆ ಎಷ್ಟು ಸಂದಿನವರೆಗೆ ಸೇರಿಸಬೇಕು ಎಂಬುದನ್ನು, 0.05 ಕೊಡಿ. ಕೆಲಸ ಬೇಗ ಆಗಲಿ ಎಂದು 1 ಕೊಟ್ಟರೆ ಪಕ್ಕದ ಗೆರೆಯನ್ನೂ ಎಳೆದು ಸೇರಿಸಿಕೊಳ್ಳುತ್ತದೆ. ಗೆರೆ ಆರಿಸಿ ಪ್ರಾಪರ್ಟೀಸ್‌ನಲ್ಲಿ ‘ಕ್ಲೋಸ್ಡ್: ಯೆಸ್’ ಇದೆಯೇ ನೋಡಿ. ಇಲ್ಲವಾದರೆ ಒಳಗೆ ಹ್ಯಾಚ್ ತುಂಬಲು ಹೋಗಿ, ಸಂದು ಇರುವ ಕಡೆ ಕೆಂಪು ವೃತ್ತ ತೋರಿಸುತ್ತದೆ.

ಸ್ಪ್ಲೈನನ್ನು ಪಾಲಿಲೈನ್ (ತುಂಡುಗಳು ಸೇರಿ ಆದ ಒಂದೇ ಗೆರೆ) ಮಾಡಿ ಕೊಡುವುದು ಒಳ್ಳೆಯದು. ಅದಕ್ಕೆ ಮೊದಲು ಪಿಲೈನ್‌ಕನ್ವರ್ಟ್‌ಮೋಡ್ 1 ಮಾಡಿಕೊಳ್ಳಿ, ಆಗ ತುಂಡು ತುಂಡು ನೇರ ಗೆರೆಯ ಬದಲು ಕಂಸಗಳು ಬರುತ್ತವೆ, ಅಂಚು ನುಣುಪಾಗಿರುತ್ತದೆ. ಲೇಸರ್ ತಿನ್ನುವ ಅಗಲವನ್ನು ನೀವೇ ಕಳೆದು ಕೊಡಬೇಡಿ. ಅದು ಅವರ ಮಷೀನಿನಲ್ಲಿ ಹಾಕುವ ಲೆಕ್ಕ, ಇಬ್ಬರೂ ಕಳೆದರೆ ಅಳತೆ ತಪ್ಪುತ್ತದೆ. ಫೈಲ್ ಜೊತೆ ‘ಒಟ್ಟು ಉದ್ದ 85 ಮಿ.ಮೀ.’ ಎಂದು ಬರೆದು ಕಳಿಸಿ. ಇಂಚು, ಮಿಲಿಮೀಟರ್ ಅದಲುಬದಲಾದರೆ ಗಾತ್ರ 25.4 ಪಟ್ಟು ವ್ಯತ್ಯಾಸ ಆಗುತ್ತದೆ.

ಪ್ರಶ್ನೆ: ಡ್ರಾಯಿಂಗನ್ನು ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅಲ್ಲಿ ಫೋಟೊ ಮಾಯವಾಗಿ ಬರೀ ಚೌಕ ಕಾಣುತ್ತಿದೆ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಫೋಟೊ ಡ್ರಾಯಿಂಗಿನ ಒಳಗೆ ಸೇರಿರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು, ಅಟ್ಯಾಚ್ ಮಾಡುವಾಗ ‘ರಿಲೇಟಿವ್ ಪಾತ್’ ಆರಿಸಿ, ಈಟ್ರಾನ್ಸ್‌ಮಿಟ್ ಮೂಲಕ ಜಿಪ್ ಮಾಡಿ ಕಳಿಸಿ. ಕಟಿಂಗ್‌ಗೆ ಕೊಡುವ ಫೈಲಿನಲ್ಲಿ ಫೋಟೊ ಬೇಕಾಗಿಯೇ ಇಲ್ಲ.

ಪ್ರಶ್ನೆ: ಮುಂದಿನ ತಗಡು ತಯಾರಾಯಿತು. ಹಿಂದೆ ಬೆಲ್ಟಿಗೆ ಸಿಕ್ಕಿಸುವ ಭಾಗದ ಅಳತೆ ತಿಳಿಸಿ.
— ಓದುಗರು, ಪಾಂಡವಪುರ

ಉತ್ತರ: ಒಂದು ತುದಿಗೆ ಬೆಲ್ಟಿನ ಮಡಿಕೆ ಹಿಡಿಯುವ ಲೂಪ್, ಇನ್ನೊಂದು ತುದಿಗೆ ತೂತಿಗೆ ಸಿಕ್ಕುವ ಮೊಳೆ. ಲೂಪಿನ ಒಳ ಅಗಲ ಬೆಲ್ಟಿಗಿಂತ 2 ಮಿ.ಮೀ. ಹೆಚ್ಚಿರಲಿ, 38ಕ್ಕೆ 40. ತಂತಿ 3ರಿಂದ 4 ಮಿ.ಮೀ. ದಪ್ಪದ್ದು. ತಗಡಿಗೂ ತಂತಿಗೂ ನಡುವೆ 5 ಮಿ.ಮೀ. ಸಂದು ಬಿಡಿ, ಚರ್ಮದ ದಪ್ಪವೇ ಸುಮಾರು 4 ಇರುತ್ತದೆ. ಮೊಳೆ 4 ಮಿ.ಮೀ. ದಪ್ಪ, 7 ಮಿ.ಮೀ. ಎತ್ತರ. ಅದರ ತುದಿ ಲೂಪಿನ ಕಡೆಗೆ ಸ್ವಲ್ಪ ವಾಲಿರಬೇಕು. ಆಗ ಬೆಲ್ಟು ಬಿಗಿದಷ್ಟೂ ಬುಡಕ್ಕೆ ಸರಿದು ಕೂರುತ್ತದೆ. ನೆಟ್ಟಗೆ ಇಟ್ಟರೆ ಕೂತು ಏಳುವಾಗ ಕಳಚಿಕೊಳ್ಳುತ್ತದೆ.

ಬಕಲ್ ಹೊಟ್ಟೆಯ ಮೇಲೆ ಒಪ್ಪವಾಗಿ ಕೂರಲು 180 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿ. 85 ಮಿ.ಮೀ. ತಗಡಿನ ನಡುಭಾಗ 5 ಮಿ.ಮೀ. ಉಬ್ಬುತ್ತದೆ, ಉದ್ದ 1 ಮಿ.ಮೀ. ಕೂಡ ಕಡಿಮೆಯಾಗುವುದಿಲ್ಲ, ಹಾಗಾಗಿ ಡ್ರಾಯಿಂಗ್ ಬದಲಿಸುವುದು ಬೇಡ. ಬಾಗಿಸಿದ ಮೇಲೆಯೇ ಬೆಸುಗೆ ಹಾಕಿಸಿ, ಮೊದಲೇ ಹಾಕಿಸಿದರೆ ಬಾಗಿಸುವಾಗ ಬೆಸುಗೆ ಬಿರಿಯುತ್ತದೆ. ಬೆಸುಗೆ ಬೆಳ್ಳಿಯದೇ ಆಗಲಿ. ರೇಡಿಯೊ ರಿಪೇರಿಯ ಸೀಸದ ಬೆಸುಗೆ ಈ ಎಳೆತಕ್ಕೆ ತಡೆಯುವುದಿಲ್ಲ.

ಪ್ರಶ್ನೆ: ನಮ್ಮೂರಿನಲ್ಲೇ ಎರಕ ಹುಯ್ಯುವವರಿದ್ದಾರೆ. ಲೇಸರ್ ಬದಲು ಎರಕದಲ್ಲಿ ಮಾಡಿಸಿದರೆ ಡ್ರಾಯಿಂಗ್‌ನಲ್ಲಿ ಏನು ಬದಲಿಸಬೇಕು?
— ಓದುಗರು, ನಾಗಮಂಗಲ

ಉತ್ತರ: ಎತ್ತಿನ ಮುಖದಂಥ ಉಬ್ಬುಚಿತ್ರಕ್ಕೆ ಎರಕವೇ ಮೇಲು. ಹಿತ್ತಾಳೆ ಆರಿದಾಗ ಸುಮಾರು 1.5ರಿಂದ 2 ಶೇಕಡಾ ಕುಗ್ಗುತ್ತದೆ, ಆದ್ದರಿಂದ ಎಲ್ಲ ಮುಗಿದ ಮೇಲೆ ಇಡೀ ಡ್ರಾಯಿಂಗನ್ನು 1.02ಕ್ಕೆ ಸ್ಕೇಲ್ ಮಾಡಿ. ಅರ ಹಾಕಿ ನುಣುಪು ಮಾಡಲು ಅಂಚಿಗೆ ಇನ್ನೂ 0.5 ಮಿ.ಮೀ. ಬಿಡಿ. ಮೇಣದ ಅಚ್ಚಾದರೆ ಮೇಣವೂ ಕುಗ್ಗುತ್ತದೆ, ಎಷ್ಟು ಸೇರಿಸಬೇಕೆಂದು ಎರಕದವರನ್ನೇ ಕೇಳಿ. ಮರಳಚ್ಚಾದರೆ ನಿಲುವು ಅಂಚುಗಳಿಗೆಲ್ಲ 2–3 ಡಿಗ್ರಿ ಓರೆ ಬೇಕು, ಇಲ್ಲದಿದ್ದರೆ ಮಾದರಿಯನ್ನು ಮೇಲೆತ್ತುವಾಗ ಮರಳು ಕಿತ್ತು ಬರುತ್ತದೆ.

ತಳದ ದಪ್ಪ 3 ಮಿ.ಮೀ., ಅದರ ಮೇಲೆ ಉಬ್ಬು 1.5ರಿಂದ 2 ಮಿ.ಮೀ. ಇರಲಿ. ದವಡೆಯನ್ನು 6 ಮಿ.ಮೀ. ಉಬ್ಬಿಸಿ ಪಕ್ಕದಲ್ಲೇ ತೆಳ್ಳಗೆ ಬಿಟ್ಟರೆ ತೆಳುಭಾಗ ಮೊದಲು ಗಟ್ಟಿಯಾಗಿ, ದಪ್ಪಭಾಗ ಕೊನೆಗೆ ಆರುವಾಗ ಒಳಗೆ ಗುಳಿ ಬೀಳುತ್ತದೆ. ಅಂಥ ಕಡೆ ದಪ್ಪವನ್ನು ಹಿಂದಿನಿಂದ ತೋಡಿ ಸಮ ಮಾಡಿ. ಕೆತ್ತನೆಯ ಗೆರೆ 1 ಮಿ.ಮೀ.ಗಿಂತ ಸಣ್ಣದು ಬೇಡ, ಒಳಮೂಲೆಗಳೆಲ್ಲ ಗುಂಡಗಿರಲಿ. ಲೂಪ್, ಮೊಳೆ ಎರಡನ್ನೂ ಎರಕದಲ್ಲೇ ಸೇರಿಸುವ ಆಸೆ ಬಿಟ್ಟು, ಅವುಗಳ ಜಾಗದಲ್ಲಿ ಸಣ್ಣ ದಿಬ್ಬ ಮಾತ್ರ ಬಿಡಿಸಿ. ಆಮೇಲೆ ಅಲ್ಲಿ ತೂತು ಕೊರೆದು ತಂತಿ ಕೂರಿಸಿ ಬೆಸೆದರೆ ಹಿಡಿತ ಗಟ್ಟಿಯಾಗಿರುತ್ತದೆ.