ಊರಿಗೆ ವಾಪಸ್ ಹೋದರೆ ನೆಮ್ಮದಿ ಸಿಗುತ್ತದಾ?

ಬೆಂಗಳೂರಿನ ಕೆಲಸ ಬಿಟ್ಟು, ಊರ ಕಡೆ ಸ್ವಲ್ಪ ಜಮೀನು ತಗೊಂಡು, ಸರಳವಾಗಿ ಬದುಕಿದರೆ ಮನಸ್ಸಿಗೆ ನೆಮ್ಮದಿ ಸಿಗುತ್ತದಾ ಅಂತ ಕೇಳಿದ್ದೀರಿ. ಮೊದಲು ಸಾಲದ ಕಂತುಗಳನ್ನು ಮುಗಿಸಿ. ಜಮೀನಿನ ಮಾತು ಆಮೇಲೆ.

ನಾನು ರೈತರ ಮನೆಯವನು. ಬೋರ್‌ವೆಲ್ ಬತ್ತಿಹೋದ ವರ್ಷ ನಮ್ಮಪ್ಪ ಎಷ್ಟು ನೆಮ್ಮದಿಯಾಗಿ ಮಲಗುತ್ತಿದ್ದರು ಅಂತ ನನಗೆ ಗೊತ್ತು. ರೀಲ್ಸ್‌ನಲ್ಲಿ ಬರುವ ತೋಟಗಳಲ್ಲಿ ಕೂಲಿಯವರು ಸಿಗದೆ ಒದ್ದಾಡುವುದನ್ನು ಯಾರೂ ತೋರಿಸಲ್ಲ, ಅಲ್ವಾ?

ನಾನು ಮಾಡಿದ್ದು ಇಷ್ಟೇ, ಕಾರು ಮಾರಿದೆ. ಮನೆ ಬಸವನಗುಡಿ, ಆಫೀಸು ವೈಟ್‌ಫೀಲ್ಡ್. 2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಮಾರ್ಗ ಪೂರ್ತಿ ಶುರುವಾದ ಮೇಲೆ ನ್ಯಾಷನಲ್ ಕಾಲೇಜಿನಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಆಯಿತು. ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು ಇದೆ, ಸೀಟಿನ ಆಸೆ ಬಿಟ್ಟುಬಿಡಿ. ಆದರೆ ಕಂತು, ಇನ್ಶೂರೆನ್ಸ್, ಪಕ್ಕದ ಮನೆಯವರ ಜೊತೆ ಪಾರ್ಕಿಂಗ್ ಜಗಳ, ಟಿನ್ ಫ್ಯಾಕ್ಟರಿ ಹತ್ತಿರ ಸ್ಟಿಯರಿಂಗ್ ಹಿಡಿದು ಸುಮ್ನೆ ಕೂತು ಯಾರಿಗೋ ಬೈಯುವುದು, ಎಲ್ಲ ಒಟ್ಟಿಗೇ ಹೋಯಿತು. ನೆಂಟರು ಮಾತ್ರ "ಯಾಕಪ್ಪಾ, ಏನಾದ್ರೂ ತೊಂದರೇನಾ?" ಅಂತ ಫೋನ್ ಮಾಡಿ ಕೇಳಿದರು.

ನನಗೆ ಇಷ್ಟವಾದ ಕಥೆಯೊಂದಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ತಂದನಂತೆ. ಹೆಂಡತಿ ಲಕ್ಕಮ್ಮ, ಹೆಚ್ಚಾದದ್ದನ್ನು ಅಲ್ಲೇ ಹಾಕಿ ಬಾ ಅಂತ ವಾಪಸ್ ಕಳಿಸಿದಳಂತೆ. ಬಡತನವನ್ನು ಹೊಗಳುವ ಕಥೆ ಅಂತ ಇದನ್ನು ಓದಬೇಡಿ. ಹೊಟ್ಟೆಗಿಲ್ಲದವನಿಗೆ ಸರಳವಾಗಿ ಬದುಕು ಅಂತ ಹೇಳುವುದು ಅನ್ಯಾಯ. ಆ ದಿನಕ್ಕೆ ಎಷ್ಟು ಅಕ್ಕಿ ಬೇಕು ಅನ್ನುವ ಲೆಕ್ಕ ಆಕೆಗೆ ಪಕ್ಕಾ ಇತ್ತು, ನಮ್ಮಲ್ಲಿ ಎಷ್ಟೋ ಜನಕ್ಕೆ ಇಲ್ಲ. ಬಾಡಿಗೆ, ದಿನಸಿ, ಮಕ್ಕಳ ಫೀಸು, ಅಪ್ಪ ಅಮ್ಮನ ಮಾತ್ರೆ, ತಿಂಗಳಿಗೆ ನಿಜವಾಗಿ ಎಷ್ಟು ಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡ ಮೇಲೆ ನನಗೆ ಅಪ್ರೈಸಲ್ ಅಂದರೆ ಮೊದಲಿನಷ್ಟು ಭಯ ಆಗುವುದಿಲ್ಲ.

ಶುರುವಿನಲ್ಲಿ ಬೇಜಾರಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹತ್ತು ನಿಮಿಷಕ್ಕೆ ಸಾಮಾನು ತರುವ ಆ್ಯಪ್‌ಗಳನ್ನು ತೆಗೆದ ಮೇಲೆ ಸಂಜೆ ಕೈಗೆ ಕೆಲಸವೇ ಇರುತ್ತಿರಲಿಲ್ಲ. ಈಗ ಗಾಂಧಿ ಬಜಾರಿಗೆ ನಡೆದು ಹೋಗಿ ಸೊಪ್ಪು ತರುತ್ತೇನೆ. ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಿಂದ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಭಾಷಣವೋ ಸಂಗೀತವೋ ಇದ್ದರೆ ಹೋಗಿ ಕೂರುತ್ತೇನೆ. ದುಡ್ಡು ಕೊಡಬೇಕಿಲ್ಲ. ಕೆಲವು ಭಾಷಣಗಳಲ್ಲಿ ಒಳ್ಳೆಯ ನಿದ್ದೆಯೂ ಬರುತ್ತದೆ!

ಅಂದಹಾಗೆ, ತಿಂಗಳುಗಳಿಂದ ರಾತ್ರಿ ನಿದ್ದೆ ಇಲ್ಲ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಲ್ಲ, ಅದು ಕಾರು ಮಾರಿದರೆ ಸರಿಹೋಗುವ ವಿಷಯ ಅಲ್ಲ. ಡಾಕ್ಟರಿಗೆ ತೋರಿಸಿ. ಹೋಗಲು ಮುಜುಗರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, ನಂಬರ್ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾಜೀನಾಮೆ ಪತ್ರ ಬರೆಯುವ ಮೊದಲು ಆ ಫೋನ್ ಮಾಡಿ.