ನಾಲ್ಕನೇ ಕಲಮು ಓದಿ ನೋಡಿ

ಪತ್ರ: ಮೈಸೂರು ಯುದ್ಧಗಳ ಬಗ್ಗೆ ಬರೆಯುವಾಗ ಕೋಟೆ, ಕತ್ತಿ, ರಾಕೆಟ್ ಬಿಟ್ಟು ಒಪ್ಪಂದದ ಕಲಮುಗಳಿಗೇಕೆ ಅಷ್ಟು ಪುಟ? ಗೆದ್ದವರು ಬರೆಸಿದ ಕಾಗದಕ್ಕೆ ಏನು ಬೆಲೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೋಟೆಯ ಮೇಲೆ ಪ್ರಾಣ ಕೊಟ್ಟವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಗದಕ್ಕೆ ಬೆಲೆಯಿಲ್ಲ ಎಂದಿರಲ್ಲ, ಅದೂ ಶಿವಮೊಗ್ಗದಲ್ಲಿ ಕೂತು!

ಟಿಪ್ಪು ಮಡಿದದ್ದು 1799ರ ಮೇ 4ರಂದು. ಜುಲೈ 8ಕ್ಕೆ, ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಒಪ್ಪಂದವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ರಾಜ್ಯ ಕಾಯುತ್ತದೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ, ತಿಂಗಳ ಕಂತಿನಲ್ಲಿ ಕಟ್ಟಬೇಕು. ಇಷ್ಟು ಎಲ್ಲರಿಗೂ ಗೊತ್ತು. ಕುಣಿಕೆ ಇದ್ದದ್ದು ನಾಲ್ಕನೇ ಕಲಮಿನಲ್ಲಿ. ಕಂತು ತಪ್ಪಲೇಬೇಕೆಂದಿಲ್ಲ, ತಪ್ಪೀತೆಂಬ ಶಂಕೆ ಗವರ್ನರ್ ಜನರಲ್‌ಗೆ ಬಂದರೆ ಸಾಕು, ಸೀಮೆಯನ್ನು ಕೈಗೆ ತೆಗೆದುಕೊಳ್ಳಬಹುದು. ಶಂಕೆಗೆ ಆಧಾರವಿದೆಯೇ ಎಂದು ತೀರ್ಮಾನಿಸುವವರೂ ಅವರೇ.

ಮೂವತ್ತು ವರ್ಷ ಆ ಕಲಮು ಸುಮ್ಮನೆ ಮಲಗಿತ್ತು. ಅಷ್ಟರಲ್ಲಿ ಶರತ್ತು ಪದ್ಧತಿ ಬಂತು. ಇಷ್ಟು ಕಂದಾಯ ತಂದೇ ತರುತ್ತೇನೆಂದು ಅಮಲ್ದಾರ, ಎಂದರೆ ತಾಲ್ಲೂಕಿನ ಅಧಿಕಾರಿ, ಬರೆದುಕೊಡುತ್ತಿದ್ದ, ಕಡಿಮೆ ಬಿದ್ದರೆ ಅವನ ಕೈಯಿಂದ ಹೋಗುತ್ತಿತ್ತು; ಹಾಗಾಗಿ ರೈತನನ್ನು ಹಿಂಡುತ್ತಿದ್ದ. 1830ರಲ್ಲಿ ನಿಮ್ಮ ಶಿವಮೊಗ್ಗದ ಕಡೆಯ ನಗರ (ಬಿದನೂರು) ಸೀಮೆಯ ರೈತರು ದಂಗೆ ಎದ್ದರು. ಮರುವರ್ಷ ಗವರ್ನರ್ ಜನರಲ್ ಬೆಂಟಿಂಕ್ ಅದೇ ಕಲಮನ್ನು ಹಿಡಿದು ಇಡೀ ರಾಜ್ಯವನ್ನೇ ತೆಗೆದುಕೊಂಡ. ಹೋದದ್ದು ಮರಳಿದ್ದು 1881ರಲ್ಲಿ.

ಅದು ಮರಳಿದ ದಾರಿಯೂ ಕಾಗದದ್ದೇ! ಹಣಕ್ಕೆ ಎಷ್ಟು ಬೇಕೋ ಅಷ್ಟು ಸೀಮೆ ಮಾತ್ರ ತೆಗೆದುಕೊಳ್ಳಬಹುದೆಂಬ ಮಿತಿಯೂ ಒಪ್ಪಂದದಲ್ಲಿತ್ತು. ಮಾಡಿದ್ದು ಸರಿಯೇ ಎಂಬ ಅನುಮಾನ 1834ರ ಹೊತ್ತಿಗೆ ಬೆಂಟಿಂಕ್‌ಗೇ ಬಂದಿತ್ತು. ಸಿಂಹಾಸನವಿದ್ದೂ ಅಧಿಕಾರವಿಲ್ಲದ ಮುಮ್ಮಡಿಯವರು ದಶಕಗಳ ಕಾಲ ಒಬ್ಬರಾದ ಮೇಲೊಬ್ಬ ಗವರ್ನರ್ ಜನರಲ್‌ಗೆ ಖರೀತೆ (ಅರಸರ ಅಧಿಕೃತ ಪತ್ರ) ಬರೆದರು. 1865ರಲ್ಲಿ ದತ್ತು ತೆಗೆದುಕೊಂಡರು, 1867ರಲ್ಲಿ ಲಂಡನ್ ಅದನ್ನು ಒಪ್ಪಿತು, ಮರುವರ್ಷ ಅವರು ತೀರಿಕೊಂಡರು; 1881ರಲ್ಲಿ ರಾಜ್ಯ ಮರಳಿದ್ದು ಆ ದತ್ತುಮಗನ ಕೈಗೆ. ಆ ಹಟವನ್ನು ಶೌರ್ಯವೆನ್ನಲು ನಮಗೇಕೆ ಸಂಕೋಚ?

ನಮ್ಮ ಮಕ್ಕಳಿಗೆ 1799 ಗೊತ್ತು, 1881 ಗೊತ್ತು. ನಡುವಿನ ಒಂದು ಕಲಮನ್ನೂ ಯಾರೂ ಓದಿಸುವುದಿಲ್ಲ. ಹಳೆಯ ದಫ್ತರಗಳ ಮೋಡಿ ಲಿಪಿ ಓದಬಲ್ಲವರು ವರ್ಷಕ್ಕೆ ವರ್ಷ ಕಡಿಮೆಯಾಗುತ್ತಿದ್ದಾರೆ. ಹುಣಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು ಮಾಡಿದ ಕಡತಗಳು, ಬಳಪದ ಅಕ್ಷರ ಅಳಿಸುತ್ತ, ಹಳೆಯ ಶಾನುಭೋಗರ ಮನೆಗಳ ಅಟ್ಟದಲ್ಲಿ ಬಿದ್ದಿವೆ. ನಿಮ್ಮ ಸೀಮೆಯಲ್ಲಿ ಅಂಥದ್ದು ಕಣ್ಣಿಗೆ ಬಿದ್ದರೆ ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಡಿ. ಮಡಿಕೆ ಬಿಡಿಸಿ, ಓರೆ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿ. ಪುಟ ನಾವು ಕೊಡುತ್ತೇವೆ.